ಹಳೆಯ ಗಾಲಿ, ಹೊಸ ಗಾಡಿ: ಕೂಡಿಸುವ ಮುನ್ನ ಅಳೆದು ನೋಡಿ

ಹಿರೋಳ್ಳಿಯ ಯಾವುದೇ ದೊಡ್ಡ ಒಕ್ಕಲುತನದ ಮನೆಯ ಹಿತ್ತಲಿಗೆ ಹೋಗಿ ನೋಡಿರಿ. ಬೇವಿನ ಮರದ ಬುಡಕ್ಕೆ ಒರಗಿಸಿಟ್ಟ ಒಂದು ಜೊತೆ ಟ್ರ್ಯಾಕ್ಟರ್ ಗಾಲಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ಇಂಜಿನ್ನು ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿರುತ್ತದೆ, ಮಡಗಾರ್ಡು ಕೋಳಿಗೂಡಿನ ಮೇಲ್ಛಾವಣಿಯಾಗಿರುತ್ತದೆ, ಆದರೆ ಗಾಲಿ ಮಾತ್ರ ಹಾಗೆಯೇ ಇರುತ್ತದೆ. ಮನೆಯ ಹಿರಿಯರನ್ನು ಕೇಳಿದರೆ, 'ಇರಲಿ ಬಿಡ್ರಿ, ಗಟ್ಟಿ ಕಬ್ಬಿಣ ಅದ, ಯಾವಾಗರೆ ಕೆಲಸಕ್ಕ ಬರ್ತದ' ಎನ್ನುತ್ತಾರೆ. ಆ 'ಯಾವಾಗರೆ' ಎಂಬುದು ಸಾಮಾನ್ಯವಾಗಿ ಹೊಸ ಟ್ರ್ಯಾಕ್ಟರು ಮನೆಗೆ ಬಂದು, ಅದರ ಒಂದು ಟಯರು ಹರಿದು, ಕೈಯಲ್ಲಿ ದುಡ್ಡಿಲ್ಲದ ಹೊತ್ತಿಗೇ ಬರುತ್ತದೆ. ಆಗ ಎಲ್ಲರ ಕಣ್ಣೂ ಬೇವಿನ ಮರದ ಕಡೆಗೆ ಹೋಗುತ್ತದೆ.

ಹಳೆಯ ಗಾಲಿಯನ್ನು ಹೊಸ ಗಾಡಿಗೆ ಹಾಕಬಹುದೇ? ಹಾಕಬಹುದು, ಹಾಕಬಾರದು, ಎರಡೂ ನಿಜ. ಯಾವಾಗ ಹಾಕಬಹುದು ಎಂಬುದನ್ನು ಮಿಸ್ತ್ರಿಯ ಬಾಯಿಮಾತಿಗೆ ಬಿಡದೆ, ತಾವೇ ಒಂದು ಟೇಪು ಹಿಡಿದು ಅಳೆದು ತಿಳಿಯಬಹುದು. ಆ ಅಳತೆಗಳನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ತೂತು ಎಣಿಸಿರಿ

ಗಾಲಿಯ ಡಿಸ್ಕಿನಲ್ಲಿ ಬೋಲ್ಟು ಕೂಡುವ ತೂತುಗಳು ಎಷ್ಟು ಎಂಬುದು ಮೊದಲ ಪರೀಕ್ಷೆ. ತೂತುಗಳ ಸಂಖ್ಯೆ ಸರಿಹೊಂದಿದರೆ ಸಾಲದು. ಆ ತೂತುಗಳೆಲ್ಲ ಕೂತಿರುವ ವರ್ತುಲದ ಅಡ್ಡಳತೆಯೂ ಒಂದೇ ಆಗಿರಬೇಕು. ಇದನ್ನು ಮಿಸ್ತ್ರಿಗಳು ಪಿ.ಸಿ.ಡಿ. ಎನ್ನುತ್ತಾರೆ. ತೂತುಗಳು 6 ಅಥವಾ 8 ಇದ್ದರೆ ಅಳೆಯುವುದು ಸುಲಭ: ಒಂದು ತೂತಿನ ನಡುವಿನಿಂದ ಅದರ ನೇರ ಎದುರಿನ ತೂತಿನ ನಡುವಿಗೆ ಟೇಪು ಹಿಡಿಯಿರಿ. 5 ತೂತಿನ ಗಾಲಿಗೆ ನೇರ ಎದುರು ಎಂಬುದೇ ಇಲ್ಲ. ಅದಕ್ಕೆ ಪಕ್ಕಪಕ್ಕದ ಎರಡು ತೂತುಗಳ ನಡುವಿನ ಅಂತರವನ್ನು ಅಳೆದು 1.7ರಿಂದ ಗುಣಿಸಬೇಕು. ಅಂತರ 82 ಮಿಲಿಮೀಟರ್ ಬಂದರೆ ವರ್ತುಲದ ಅಡ್ಡಳತೆ ಸುಮಾರು 139 ಮಿ.ಮೀ., ಅಂದರೆ ಐದೂವರೆ ಇಂಚು ಎಂದು ತಿಳಿಯಿರಿ.

ಈ ಐದೂವರೆ ಇಂಚಿನ ಲೆಕ್ಕ ಸುಮ್ಮನೆ ಹೇಳಿದ್ದಲ್ಲ. ಹಳೆಯ ವಿಲ್ಲೀಸ್ ಮಾದರಿಯ ಜೀಪಿನ ಗಾಲಿ ಇದೇ ಅಳತೆಯದು. ಮಹೀಂದ್ರಾದವರ ಬೊಲೆರೊ ಗಾಡಿಗೂ ಇದೇ 5 ತೂತು, ಇದೇ ಅಳತೆ. ಆದ್ದರಿಂದಲೇ ಹಳೆಯ ಜೀಪಿನ 16 ಇಂಚಿನ ರಿಮ್ಮು ಹೊಸ ಬೊಲೆರೊದ ಹಬ್ಬಿನ ಮೇಲೆ ಕೂಡುವಂತೆ ಕಾಣುತ್ತದೆ. 'ಕೂತಿತಲ್ಲ, ಇನ್ನೇನು' ಎಂದು ಹೊರಟುಬಿಡುವವರೇ ಬಹಳ. ಕಷ್ಟ ಶುರುವಾಗುವುದು ಅಲ್ಲಿಂದ.

ಟ್ರ್ಯಾಕ್ಟರಿನ ಹಿಂದಿನ ಗಾಲಿಗಳಲ್ಲಿ ಹಲವು ಕಂಪನಿಗಳು ಬಹುಕಾಲದಿಂದ ಬಳಸಿಕೊಂಡು ಬಂದದ್ದು 8 ತೂತು, 8 ಇಂಚಿನ ವರ್ತುಲ, ಎಂದರೆ 203 ಮಿ.ಮೀ. ನಡುವಿನ ದೊಡ್ಡ ತೂತು 6 ಇಂಚು. ಹೀಗಾಗಿ ಒಂದು ಕಂಪನಿಯ ಹಳೆಯ ಗಾಲಿ ಇನ್ನೊಂದರ ಹೊಸ ಟ್ರ್ಯಾಕ್ಟರಿಗೆ ಕೂಡುವುದು ಉಂಟು. ಆದರೆ ಎಲ್ಲ ಟ್ರ್ಯಾಕ್ಟರಿಗೂ ಇದೇ ಎಂದು ನಂಬಬೇಡಿರಿ. ನಡುವಿನ ತೂತು ಹಬ್ಬಿನ ಉಬ್ಬಿನ ಮೇಲೆ ಬಿಗಿಯಾಗಿ ಕೂಡಬೇಕು. ಅದು ಸಡಿಲಾಗಿದ್ದರೆ ಗಾಲಿಯ ಭಾರವೆಲ್ಲ ಸ್ಟಡ್ಡುಗಳ ಮೇಲೆ ಬೀಳುತ್ತದೆ. ಸಣ್ಣದಿದೆ ಎಂದು ಗ್ಯಾಸಿನಿಂದ ಸುಟ್ಟು ದೊಡ್ಡದು ಮಾಡುವ ಕೆಲಸವನ್ನಂತೂ ಮಾಡಿಸಲೇಬೇಡಿರಿ. ತೂತು ವಾಲುತ್ತದೆ, ಗಾಲಿ ಓಲಾಡುತ್ತದೆ.

ನಟ್ಟಿನ ಮೋಸ

ನಟ್ಟಿನ ವಿಷಯದಲ್ಲಿ ತಮ್ಮ ಗಮನ ಸ್ವಲ್ಪ ಹೆಚ್ಚು ಇರಲಿ, ಏಕೆಂದರೆ ಅಪಾಯ ಹೆಚ್ಚಾಗಿ ಇಲ್ಲಿಯೇ ಅಡಗಿದೆ.

ಹಳೆಯ ಜೀಪಿನ ಸ್ಟಡ್ಡು ಇಂಚಿನ ಲೆಕ್ಕದ್ದು: ಅರ್ಧ ಇಂಚು ದಪ್ಪ, ಒಂದು ಇಂಚಿಗೆ 20 ಎಳೆ. ಇತ್ತೀಚಿನ ಗಾಡಿಗಳಲ್ಲಿ ಮಿಲಿಮೀಟರ್ ಲೆಕ್ಕದ ಸ್ಟಡ್ಡುಗಳೇ ಹೆಚ್ಚು. ಅರ್ಧ ಇಂಚು ಎಂದರೆ 12.7 ಮಿ.ಮೀ. ಇಂಥ ಹಳೆಯ ನಟ್ಟನ್ನು 12 ಮಿ.ಮೀ. ದಪ್ಪದ, ಸಣ್ಣ ಎಳೆಯ ಸ್ಟಡ್ಡಿಗೆ ಹಾಕಿದರೆ ಅದು ತಡೆಯಿಲ್ಲದೆ ತಿರುಗುತ್ತಾ ಒಳಗೆ ಹೋಗುತ್ತದೆ. ಬಿಗಿದರೆ ಬಿಗಿದಂತೆಯೂ ಅನ್ನಿಸುತ್ತದೆ. ಆದರೆ ಎಳೆಯ ತುದಿಗಳು ಮಾತ್ರ ಒಂದನ್ನೊಂದು ಹಿಡಿದಿರುತ್ತವೆ. ನಾಲ್ಕು ತಗ್ಗು ದಾಟಿದ ಮೇಲೆ ಎಳೆ ಕಿತ್ತು ನಟ್ಟು ಕಳಚುತ್ತದೆ. ಹೊಸ ಸ್ಟಡ್ಡಿಗೆ ಹೊಸ ನಟ್ಟೇ ಬೇಕು. ಹಳೆಯ ಗಾಲಿಯ ಜೊತೆಗೆ ಬಂದ ಡಬ್ಬಿ ತುಂಬ ನಟ್ಟುಗಳನ್ನು ಅದೇ ಗಾಡಿಗೆ ಬಳಸುವ ಆಸೆ ಬೇಡ.

ಇನ್ನೊಂದು ಸಂಗತಿ ಈಗಿನ ಹುಡುಗರಿಗೆ ಗೊತ್ತಿಲ್ಲ. ಹಳೆಯ ವಿಲ್ಲೀಸ್ ಜೀಪಿನ ಎಡಬದಿಯ ಗಾಲಿಗಳ ನಟ್ಟು ಎಡಮುರಿ. ಎಲ್ಲ ನಟ್ಟುಗಳಂತೆ ಪಾನಾ ಹಾಕಿ ಎಡಕ್ಕೆ ತಿರುಗಿಸಿದರೆ ಅದು ಬಿಚ್ಚುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ಬಿಚ್ಚಲಿಲ್ಲವೆಂದು ಪಾನಾಕ್ಕೆ ಪೈಪು ಸೇರಿಸಿ ಜಗ್ಗಿ ಸ್ಟಡ್ಡು ಮುರಿದುಕೊಂಡವರು ಇದ್ದಾರೆ. ಹಳೆಯ ಜೀಪಿನ ಹಬ್ಬು, ಅಚ್ಚು ಎರಡನ್ನೂ ತಂದು ಎತ್ತಿನ ಗಾಡಿಗೆ ಕೂಡಿಸಿಕೊಂಡವರು ಇದನ್ನು ನೆನಪಿಡುವುದು ಒಳಿತು.

ನಟ್ಟಿನ ಮೂತಿಯನ್ನೂ ನೋಡಿರಿ. ಕೆಲವಕ್ಕೆ ಮೂತಿ ಇಳಿಜಾರಾಗಿರುತ್ತದೆ, ಡಿಸ್ಕಿನ ತೂತೂ ಬಟ್ಟಲಿನಂತೆ ಇಳಿಜಾರಾಗಿರುತ್ತದೆ. ಎರಡೂ ಒಂದರೊಳಗೊಂದು ಕೂತಾಗ ಗಾಲಿ ನಡುವಿಗೆ ಸರಿಯಾಗಿ ಬರುತ್ತದೆ. ಇನ್ನು ಕೆಲವು ನಟ್ಟುಗಳ ಮುಖ ಸಪಾಟು, ಕೆಳಗೆ ವಾಷರು. ಇಳಿಜಾರು ತೂತಿಗೆ ಸಪಾಟು ನಟ್ಟು ಹಾಕಿದರೆ ಅದು ತೂತಿನ ಅಂಚಿನ ಮೇಲೆ ಮಾತ್ರ ನಿಲ್ಲುತ್ತದೆ. ಹೊಲದಲ್ಲಿ ಏನೂ ತಿಳಿಯದು. ರಸ್ತೆಯಲ್ಲಿ ಭಾರ ಹೊತ್ತು ಹೋಗುವಾಗ ತಿಳಿಯುತ್ತದೆ.

ನಮ್ಮ ಮನೆಯ ಟ್ರೇಲಿಗೇ ಹೀಗಾಯಿತು. ಕಬ್ಬಿನ ಹಂಗಾಮು, ಅಫಜಲಪುರದ ಕಡೆಯ ರಸ್ತೆ, ತುಂಬಿದ ಲೋಡು. ಹಿಂದಿನ ದಿನವಷ್ಟೇ ಒಂದು ಹಳೆಯ ಗಾಲಿಯನ್ನು ಬದಲಾಯಿಸಿ ಹಾಕಿಸಿದ್ದೆವು. ನಟ್ಟುಗಳು ಮೂರು ಬಗೆಯವು ಇದ್ದವು, ಅದನ್ನು ನಾವೇ ನೋಡಿಯೂ ಸುಮ್ಮನಿದ್ದೆವು. ನಡೆಸುತ್ತಿದ್ದ ಹುಡುಗನಿಗೆ ಎರಡು ಮೂರು ಕಿಲೋಮೀಟರಿನಿಂದ 'ಟಕ್ ಟಕ್' ಸಪ್ಪಳ ಕೇಳಿಸುತ್ತಿತ್ತಂತೆ. ಕಾರ್ಖಾನೆ ಹತ್ತಿರವೇ ಇದೆಯಲ್ಲ ಎಂದು ನಿಲ್ಲಿಸಲಿಲ್ಲ. ಗಾಲಿ ಕಳಚಿ ಟ್ರೇಲಿಗಿಂತ ಮುಂದೆ ಓಡಿ, ರಸ್ತೆ ದಾಟಿ, ಜೋಳದ ಹೊಲದೊಳಗೆ ಮಲಗಿತು. ಎದುರಿಗೆ ಸೈಕಲ್ಲಿನ ಮೇಲೆ ಶಾಲೆಯ ಹುಡುಗರಿಬ್ಬರು ಬರುತ್ತಿದ್ದರು. ಅವರಿಗೂ ಗಾಲಿಗೂ ನಡುವೆ ಇದ್ದದ್ದು ಹತ್ತು ಹೆಜ್ಜೆ. ಆ ಮೇಲೆ ನಮ್ಮ ತಂದೆ ಮನೆಯಲ್ಲಿದ್ದ ನಟ್ಟಿನ ಡಬ್ಬಿಯನ್ನೇ ಗುಜರಿಯವನಿಗೆ ಕೊಟ್ಟುಬಿಟ್ಟರು.

ಎತ್ತರ ಬದಲಾದರೆ ಏನಾಗುತ್ತದೆ?

ಟಯರಿನ ಬದಿಯಲ್ಲಿ 13.6-28 ಎಂದು ಬರೆದಿದ್ದರೆ ಟಯರಿನ ಅಗಲ 13.6 ಇಂಚು, ಅದು ಕೂಡುವ ರಿಮ್ಮಿನ ಅಡ್ಡಳತೆ 28 ಇಂಚು ಎಂದರ್ಥ. ಹಿತ್ತಲಲ್ಲಿರುವ ಹಳೆಯ ಗಾಲಿ 12.4-28 ಇರಬಹುದು, ಹೊಸದು 13.6-28 ಅಥವಾ 14.9-28 ಇರಬಹುದು. ಮೂರಕ್ಕೂ ರಿಮ್ಮು 28 ಇಂಚೇ ಆದರೂ ಪೂರ್ತಿ ಗಾಲಿಯ ಎತ್ತರ ಬೇರೆ ಬೇರೆ. ಸುಮಾರಾಗಿ ಹೇಳುವುದಾದರೆ 12.4-28 ಗಾಲಿ 126 ಸೆಂಟಿಮೀಟರ್, 13.6-28 ಗಾಲಿ 131, 14.9-28 ಗಾಲಿ 136 ಸೆಂಟಿಮೀಟರ್ ಎತ್ತರವಿರುತ್ತದೆ. ಕಂಪನಿಯಿಂದ ಕಂಪನಿಗೆ ತುಸು ಹೆಚ್ಚು ಕಡಿಮೆ. 13.6 ತೆಗೆದು 14.9 ಹಾಕಿದರೆ ಗಾಲಿ ಒಂದು ಸುತ್ತು ತಿರುಗಿದಾಗ ಟ್ರ್ಯಾಕ್ಟರು ಮೊದಲಿಗಿಂತ ಸುಮಾರು 16 ಸೆಂ.ಮೀ. ಹೆಚ್ಚು ದೂರ ಹೋಗುತ್ತದೆ.

ಹಿಂದಿನ ಎರಡೇ ಗಾಲಿ ಎಳೆಯುವ ಟ್ರ್ಯಾಕ್ಟರಿನಲ್ಲಿ ಇದರಿಂದ ದೊಡ್ಡ ತೊಂದರೆಯಿಲ್ಲ. ವೇಗ ಸ್ವಲ್ಪ ಹೆಚ್ಚುತ್ತದೆ, ಎಳೆತ ಸ್ವಲ್ಪ ತಗ್ಗುತ್ತದೆ. ಆದರೆ ಈಗ ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರುಗಳು ನಮ್ಮ ಎರಿ ಹೊಲಗಳಿಗೂ ಬಂದಿವೆ. ಇವುಗಳಲ್ಲಿ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಕಾರ್ಖಾನೆಯವರು ಲೆಕ್ಕ ಹಾಕಿ ಹೊಂದಿಸಿರುತ್ತಾರೆ. ಮುಂದಿನ ಗಾಲಿಗಳು ಹಿಂದಿನವಕ್ಕಿಂತ ನೂರಕ್ಕೆ ಒಂದರಿಂದ ಐದರಷ್ಟು ಚುರುಕಾಗಿ ತಿರುಗಬೇಕು. ಆಗ ಮುಂದಿನ ಗಾಲಿ ಎಳೆಯುತ್ತದೆ. ಹಿತ್ತಲಿನ ದೊಡ್ಡ ಗಾಲಿಯನ್ನು ಹಿಂದಕ್ಕೆ ಹಾಕಿದಿರೋ, ನೂರಕ್ಕೆ ನಾಲ್ಕರಷ್ಟು ಲೆಕ್ಕ ಅಲ್ಲಿಯೇ ಮುಗಿದುಹೋಯಿತು. ಹಿಂದಿನ ಗಾಲಿ ಮುಂದಿನದನ್ನು ನೂಕುತ್ತದೆ, ಮುಂದಿನದು ತಡೆಯುತ್ತದೆ. ಹಸಿ ಹೊಲದಲ್ಲಿ ಟಯರು ಜಾರಿ ಹೇಗೋ ಸರಿದೂಗುತ್ತದೆ, ಡಾಂಬರು ರಸ್ತೆಯಲ್ಲಿ ಜಾರಲು ಜಾಗವಿಲ್ಲ. ಆ ಒತ್ತಡವೆಲ್ಲ ಮುಂದಿನ ಅಚ್ಚಿನ ಹಲ್ಲುಚಕ್ರಗಳ ಮೇಲೆ ಬೀಳುತ್ತದೆ. ಗಾಲಿಯಲ್ಲಿ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಗೇರಿಗೆ ಸುರಿಯಬೇಕಾದೀತು. ಹಿಂದಕ್ಕೆ ಸಣ್ಣ ಗಾಲಿ ಹಾಕಿದರೂ ಲೆಕ್ಕ ತಪ್ಪುತ್ತದೆ, ಇನ್ನೊಂದು ದಿಕ್ಕಿಗೆ ಅಷ್ಟೆ.

ತಮ್ಮ ಟ್ರ್ಯಾಕ್ಟರಿನ ಲೆಕ್ಕ ತಿಳಿಯಲು ಇಂಜಿನಿಯರ್ ಬೇಕಿಲ್ಲ. ಸಪಾಟು ನೆಲದ ಮೇಲೆ ಟಯರಿಗೆ ಸುಣ್ಣದ ಗುರುತು ಹಾಕಿ, ನೆಲಕ್ಕೂ ಗುರುತು ಹಾಕಿರಿ. ನಾಲ್ಕು ಗಾಲಿಯ ಲಿವರ್ ಬಿಡಿಸಿಟ್ಟು, ಹಿಂದಿನ ಗಾಲಿ ಸರಿಯಾಗಿ 10 ಸುತ್ತು ತಿರುಗುವಂತೆ ನಿಧಾನವಾಗಿ ನಡೆಸಿ ದೂರವನ್ನು ಅಳೆಯಿರಿ. ಮೂಲ ಗಾಲಿಗೆ ಒಮ್ಮೆ, ಹಳೆಯ ಗಾಲಿಗೆ ಒಮ್ಮೆ. ಗಾಳಿ ಎರಡಕ್ಕೂ ಸಮನಾಗಿರಲಿ. 10 ಸುತ್ತಿಗೆ ಮೂಲ ಗಾಲಿ 40 ಮೀಟರ್ ಹೋಗಿ, ಹಳೆಯದು 40 ಮೀಟರ್ 20 ಸೆಂ.ಮೀ. ಹೋದರೆ ಚಿಂತೆಯಿಲ್ಲ. ಒಂದೂವರೆ ಮೀಟರು ವ್ಯತ್ಯಾಸ ಬಂದರೆ ಆ ಗಾಲಿಯನ್ನು ಬೇವಿನ ಮರಕ್ಕೇ ಒರಗಿಸಿಡಿರಿ.

ಒಂದೇ ಅಚ್ಚಿಗೆ ಒಂದು ಹಳೆಯದು ಒಂದು ಹೊಸದು ಹಾಕುವುದು ಇದಕ್ಕಿಂತ ಕೆಟ್ಟದ್ದು. ನೆಟ್ಟಗೆ ಹೋಗುವಾಗಲೂ ಡಿಫರೆನ್ಷಿಯಲ್ಲು ತಿರುಗುತ್ತಲೇ ಇರುತ್ತದೆ, ಟ್ರ್ಯಾಕ್ಟರು ಒಂದು ಬದಿಗೆ ಎಳೆಯುತ್ತದೆ. ಹಾಕುವುದಿದ್ದರೆ ಜೊತೆಯಾಗಿ ಹಾಕಿರಿ.

ತೊಗರಿ ಸಾಲಿನ ಮಾತು

ಹಳೆಯ ಸಣ್ಣ ಗಾಲಿ ಹಾಕಿದರೆ ತೊಗರಿಯ ಸಾಲಿನ ನಡುವೆ ಎಡೆ ಹೊಡೆಯಲು ಸುಲಭ ಎಂದು ವಾದಿಸುವವರು ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಬಹಳ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯ ನಾಡಿದು, ವಾದಕ್ಕೆ ಕಾರಣವಿಲ್ಲದೆ ಇಲ್ಲ. ಆದರೆ ಲೆಕ್ಕ ಮಾಡಿರಿ: 13.6ಕ್ಕೂ 12.4ಕ್ಕೂ ಅಗಲದಲ್ಲಿ ವ್ಯತ್ಯಾಸ 3 ಸೆಂ.ಮೀ. ಮಾತ್ರ. ಗಾಲಿಯ ಒಂದೊಂದು ಬದಿಗೆ ಒಂದೂವರೆ ಸೆಂ.ಮೀ. ಅಷ್ಟಕ್ಕಾಗಿ ಇಷ್ಟೆಲ್ಲ ತೊಂದರೆ ಏಕೆ?

ತೊಗರಿ ಗಿಡ ತುಳಿಯುವುದು ಟಯರಿನ ಅಗಲದಿಂದಲ್ಲ, ಎರಡು ಗಾಲಿಗಳ ನಡುವಿನ ಅಂತರ ಸಾಲಿಗೆ ಹೊಂದದೆ ಇರುವುದರಿಂದ. ಬಹುತೇಕ ಟ್ರ್ಯಾಕ್ಟರುಗಳ ಹಿಂದಿನ ಗಾಲಿಯಲ್ಲಿ ರಿಮ್ಮು ಬೇರೆ, ಡಿಸ್ಕು ಬೇರೆ. ಎರಡನ್ನೂ ಬೋಲ್ಟು ಹಾಕಿ ಕೂಡಿಸಿರುತ್ತಾರೆ. ಡಿಸ್ಕನ್ನು ಮಗುಚಿ ಹಾಕಬಹುದು, ರಿಮ್ಮನ್ನು ಕಿವಿಯ ಇನ್ನೊಂದು ಬದಿಗೆ ಹಾಕಬಹುದು. ಹೀಗೆ ಅದಲು ಬದಲು ಮಾಡಿ ಅಂತರವನ್ನು ಹಲವು ಮೆಟ್ಟಿಲುಗಳಲ್ಲಿ ಹೆಚ್ಚು ಕಡಿಮೆ ಮಾಡಬಹುದು. ಟ್ರ್ಯಾಕ್ಟರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇದರ ಚಿತ್ರವೇ ಇರುತ್ತದೆ. ಆ ಪುಸ್ತಕ ಪೂಜೆಯ ದಿನ ದೇವರ ಜಗಲಿಯ ಮೇಲೆ ಕೂತದ್ದು ಇನ್ನೂ ಕೆಳಗೆ ಇಳಿದಿರುವುದಿಲ್ಲ, ಆ ಮಾತು ಬೇರೆ. ಮೂರು ಅಡಿ ಸಾಲಿಟ್ಟಿದ್ದರೆ ಗಾಲಿಗಳ ನಡುವಿನ ಅಂತರ ಆರು ಅಡಿಯ ಸಮೀಪಕ್ಕೆ ಬಂದಾಗ ಎರಡು ಸಾಲು ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಉಳಿದು, ಗಾಲಿಗಳು ಆಚೀಚೆಯ ಸಾಲಿನ ನಡುವೆ ಹೋಗುತ್ತವೆ. ತಮ್ಮ ಟ್ರ್ಯಾಕ್ಟರಿಗೆ ಅಷ್ಟು ಅಂತರ ಸಿಗುತ್ತದೆಯೋ ಇಲ್ಲವೋ ಪುಸ್ತಕ ನೋಡಿ, ಬಿತ್ತುವ ಮೊದಲೇ ಸಾಲನ್ನು ಅದಕ್ಕೆ ಹೊಂದಿಸಿಕೊಳ್ಳಿರಿ. ಮಗುಚಿ ಹಾಕುವಾಗ ಟಯರಿನ ಬದಿಯ ಬಾಣದ ಗುರುತು ಮುಂದಕ್ಕೇ ಇರಬೇಕು. ತಿರುವುಮುರುವಾದರೆ ಎಡಗಾಲಿಯನ್ನು ಬಲಕ್ಕೆ, ಬಲಗಾಲಿಯನ್ನು ಎಡಕ್ಕೆ ಹಾಕಿರಿ.

ಹಳೆಯ ರಿಮ್ಮಿಗೆ ಹೊಸ ಟಯರು ಹಾಕುವವರು ವಾಲ್ವಿನ ಹತ್ತಿರ ಒತ್ತಿರುವ ಅಕ್ಷರಗಳನ್ನು ಓದಿರಿ. ಡಬ್ಲ್ಯು 11 ಎಂದಿದ್ದರೆ ರಿಮ್ಮಿನ ಅಗಲ 11 ಇಂಚು, ಅದು 12.4ರ ಟಯರಿಗೆ ತಕ್ಕದ್ದು. 13.6ಕ್ಕೆ ಡಬ್ಲ್ಯು 12 ಸರಿ. ಸಣ್ಣ ರಿಮ್ಮಿಗೆ ಅಗಲ ಟಯರು ತುರುಕಿದರೆ ಟಯರಿನ ನಡುಭಾಗ ಉಬ್ಬಿ, ಮಧ್ಯದಲ್ಲಷ್ಟೇ ಸವೆಯುತ್ತದೆ. ಮಳೆಗಾಲದಲ್ಲಿ ಎರಿ ಮಣ್ಣು ಹತ್ತಿ ಗಾಲಿ ದಪ್ಪಗಾದಾಗ ಮಡಗಾರ್ಡಿಗೆ ತಾಗದಷ್ಟು ಜಾಗ ಉಳಿಯುತ್ತದೆಯೇ ಎಂಬುದನ್ನೂ ನೋಡಿರಿ. ಬೇಸಿಗೆಯಲ್ಲಿ ಸರಿಯಾಗಿ ತಿರುಗಿದ ಗಾಲಿ ಶ್ರಾವಣದಲ್ಲಿ ಸಿಕ್ಕಿಬೀಳಬಹುದು.

ಜೀಪಿನ ರಿಮ್ಮು ಬೊಲೆರೊಕ್ಕೆ

ಇನ್ನು ಮೇಲೆ ಹೇಳಿದ ಜೀಪಿನ ಗಾಲಿಯ ಮಾತು. ತೂತು ಹೊಂದುತ್ತದೆ ನಿಜ. ಆದರೆ ಹಳೆಯ ಜೀಪಿನ ರಿಮ್ಮು ನಾಲ್ಕೂವರೆ ಇಂಚು ಅಗಲದ್ದು, 6.00-16 ಟಯರಿಗಾಗಿ ಮಾಡಿದ್ದು. ವಿಲ್ಲೀಸ್ ಜೀಪಿನ ಖಾಲಿ ತೂಕ ಒಂದು ಟನ್ನಿನ ಆಸುಪಾಸು, ಬೊಲೆರೊ ಒಂದೂವರೆ ಟನ್ನಿಗೂ ಹೆಚ್ಚು. ಮೇಲೆ ಜನ, ಗೊಬ್ಬರದ ಚೀಲ, ಮದುವೆಯ ಸಾಮಾನು. ಹಳೆಯ ಕಬ್ಬಿಣ ಗಟ್ಟಿ ಎಂಬ ಹಿರಿಯರ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಹೊರಬೇಕಿದ್ದ ಭಾರವೇ ಬೇರೆ. ಐವತ್ತು ಮಳೆಗಾಲ ಕಂಡ ಕಬ್ಬಿಣವನ್ನು ಒಳಗಿನಿಂದ ತುಕ್ಕು ತಿಂದಿರುವುದು ಬಣ್ಣ ಬಳಿದ ಮೇಲೆ ಕಾಣುವುದೂ ಇಲ್ಲ.

ಬ್ರೇಕಿನ ಮಾತೂ ಇದೆ. ಹಳೆಯ ಜೀಪಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕು. ಬೊಲೆರೊದ ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು, ಅದರ ಕ್ಯಾಲಿಪರು ಗಾಲಿಯ ಒಳಗೆ ಚಾಚಿಕೊಂಡಿರುತ್ತದೆ. ಡಿಸ್ಕಿನ ಉಬ್ಬು ತಗ್ಗು ಬೇರೆಯಾದರೆ ಗಾಲಿ ಒಳಕ್ಕೆ ಸರಿದು ಕ್ಯಾಲಿಪರಿಗೆ ತಾಗುತ್ತದೆ, ಅಥವಾ ಹೊರಕ್ಕೆ ಸರಿದು ಬೇರಿಂಗಿನ ಮೇಲೆ ಹೆಚ್ಚಿನ ಭಾರ ಹಾಕುತ್ತದೆ. ಜ್ಯಾಕು ಹಾಕಿ ಎತ್ತಿ, ಕೈಯಿಂದ ಗಾಲಿಯನ್ನು ತಿರುಗಿಸಿ ನೋಡಿರಿ. ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ಮುರಿದು ಮತ್ತೆ ತಿರುಗಿಸಿರಿ. ಎಲ್ಲಿಯಾದರೂ ಸವರಿದ ಸಪ್ಪಳ ಬಂದರೆ ವಾಷರು ಕೊಟ್ಟು ಹೊರಗೆ ತಳ್ಳುವ ಉಪಾಯ ಮಾಡಬೇಡಿರಿ. ನಟ್ಟು ಹಿಡಿಯುವ ಎಳೆ ಕಡಿಮೆಯಾಗುತ್ತದೆ.

ಟ್ಯೂಬಿಲ್ಲದ ಟಯರನ್ನು ಟ್ಯೂಬಿನ ಕಾಲದ ರಿಮ್ಮಿಗೆ ಹಾಕಬಾರದು. ಹೊಸ ರಿಮ್ಮಿನ ಒಳ ಅಂಚಿನಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ, ಗಾಳಿ ಕಡಿಮೆಯಾದರೂ ಟಯರು ತಿರುವಿನಲ್ಲಿ ಅಂಚು ಬಿಡದಂತೆ ಅದು ಹಿಡಿದಿಡುತ್ತದೆ. ಹಳೆಯ ರಿಮ್ಮುಗಳಲ್ಲಿ ಆ ಉಬ್ಬಿಲ್ಲ.

ಕಾಯಿದೆಯ ಒಂದು ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಖಚಿತಪಡಿಸಿತು. ಗಡಿ ದಾಟಿ ಅಕ್ಕಲಕೋಟೆ, ಸೊಲ್ಲಾಪುರಕ್ಕೆ ದಿನವೂ ಹೋಗಿಬರುವ ಹಿರೋಳ್ಳಿಯವರಿಗೆ ತಪಾಸಣೆ ಹೊಸದಲ್ಲ. ತಯಾರಕರ ಪುಸ್ತಕದಲ್ಲಿ ಬದಲಿ ಅಳತೆಯೆಂದು ಬರೆದಿರುವ ಗಾಲಿಯಾದರೆ ಉತ್ತರ ಕೊಡುವುದು ಸುಲಭ. ಟಯರಿನ ಹಲ್ಲು ನಾಲ್ಕು ಗಾಲಿಯ ಗಾಡಿಗೆ 1.6 ಮಿ.ಮೀ.ಗಿಂತ ಕಡಿಮೆ ಸವೆದಿರಬಾರದೆಂಬ ನಿಯಮವೂ ಇದೆ. ಟಯರಿನ ವಯಸ್ಸು ತಿಳಿಯಲು ಅದರ ಬದಿಯ ನಾಲ್ಕು ಅಂಕಿ ನೋಡಿರಿ. 2314 ಎಂದಿದ್ದರೆ ಅದು 2014ರ 23ನೆಯ ವಾರದ್ದು.

ರಿಂಗಿನ ಗಾಲಿಗೆ ಹೆದರಿರಿ

ಕಬ್ಬಿನ ಟ್ರೇಲಿಗೆ ಹಳೆಯ ಲಾರಿಯ 9.00-20 ಗಾಲಿ ಹಾಕುವವರಿಗೆ ಕೊನೆಯದಾಗಿ ಒಂದು ಎಚ್ಚರಿಕೆ. ಇಂಥ ಗಾಲಿಗಳಲ್ಲಿ ಟಯರನ್ನು ಹಿಡಿದಿಡಲು ಕಬ್ಬಿಣದ ಬಿಡಿ ರಿಂಗು ಇರುತ್ತದೆ. ಒಂದು ಗಾಲಿಯ ರಿಂಗನ್ನು ಇನ್ನೊಂದು ಬಗೆಯ ರಿಮ್ಮಿಗೆ ಹಾಕಿದರೆ, ಅಥವಾ ತುಕ್ಕು ತಿಂದ ರಿಂಗನ್ನೇ ಹಾಕಿದರೆ, ಗಾಳಿ ತುಂಬುವಾಗ ಅದು ಸಿಡಿದು ಎದುರಿಗಿದ್ದವನ ಜೀವ ತೆಗೆಯಬಲ್ಲದು. ಬಿಚ್ಚುವ ಮೊದಲು ವಾಲ್ವಿನ ಪಿನ್ನು ತೆಗೆದು ಗಾಳಿಯನ್ನು ಪೂರ್ತಿ ಇಳಿಸಿರಿ. ರಿಂಗು, ರಿಮ್ಮಿನ ಗಾಡಿಯನ್ನು ತಂತಿ ಬ್ರಶ್ಶಿನಿಂದ ಉಜ್ಜಿ ಬಿರುಕು ನೋಡಿರಿ. ಗಾಳಿ ತುಂಬುವಾಗ ಗಾಲಿಗೆ ಸುತ್ತಲೂ ದಪ್ಪ ಸರಪಳಿ ಬಿಗಿದು, ರಿಂಗು ನೆಲದ ಕಡೆಗೆ ಇರುವಂತೆ ಮಲಗಿಸಿ, ಉದ್ದನೆಯ ಪೈಪಿನಿಂದ ದೂರ ನಿಂತು ತುಂಬಿಸಿರಿ. ಮಕ್ಕಳನ್ನು ಹತ್ತಿರ ಬಿಡಬೇಡಿರಿ. ಟಯರು ಇರುವಾಗಲೇ ರಿಮ್ಮಿಗೆ ವೆಲ್ಡಿಂಗು ಮಾಡಿಸುವುದು ಇದಕ್ಕಿಂತ ಅಪಾಯದ ಕೆಲಸ. ಒಳಗಿನ ಗಾಳಿ ಕಾಯ್ದು, ರಬ್ಬರು ಸುಟ್ಟು, ಗಾಲಿ ಬಾಂಬಿನಂತೆ ಸಿಡಿಯುತ್ತದೆ. ಗಾಳಿ ಇಳಿಸಿದ್ದೇವೆ ಎಂಬ ಧೈರ್ಯವೂ ಬೇಡ, ಟಯರನ್ನು ಪೂರ್ತಿ ಕಳಚಿ ತೆಗೆಯಿರಿ.

ಇಷ್ಟೆಲ್ಲ ನೋಡಿ ಅಳತೆ ಹೊಂದಿತೆಂದರೆ ಹಳೆಯ ಗಾಲಿಯನ್ನು ಧಾರಾಳವಾಗಿ ಹಾಕಿರಿ. ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರು ಬದುರಿನಂತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಿರಿ. ಎರಡು ತಾಸು ಕೆಲಸವಾದ ಮೇಲೆ ಒಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಪಾನಾ ಹಾಕಿ ನೋಡಿರಿ. ಹಳೆಯ ಡಿಸ್ಕಿನ ಬಣ್ಣ, ತುಕ್ಕಿನ ಪುಡಿ ಅಮರಿ ನಟ್ಟು ಸಡಿಲಾಗುವುದು ಮೊದಲ ದಿನವೇ. ಹಚ್ಚುವ ಮೊದಲು ಡಿಸ್ಕಿನ ಮುಖವನ್ನೂ ಹಬ್ಬಿನ ಮುಖವನ್ನೂ ಉಜ್ಜಿ ಬರಿಯ ಕಬ್ಬಿಣಕ್ಕೆ ತಂದಿದ್ದರೆ ಈ ಕೆಲಸ ಅರ್ಧ ಉಳಿಯುತ್ತದೆ.